ಮೃದಂಗ, ಲ್ಯಾಪ್‌ಟಾಪ್ ಮತ್ತು ನನ್ನ ತೊಡೆ

ಸಂಗೀತ ಕೇಳುವಾಗ ಕೈಕಟ್ಟಿ ಕೂರುವುದು ನನ್ನ ಜಾಯಮಾನಕ್ಕೇ ಒಗ್ಗದು. ಕೈ ತಾನಾಗಿ ತೊಡೆಯ ಮೇಲೆ ಬೀಳುತ್ತದೆ. ಚೆನ್ನೈಗೆ ಬಂದ ಮೇಲಂತೂ ಕೇಳಬೇಡಿ. ಇಲ್ಲಿಯ ಸಂಗೀತ ಸಭೆಗಳಲ್ಲಿ ತಾಳ ಹಾಕದವನನ್ನು ಕ್ಯಾಂಟೀನಿನ ತಿಂಡಿಗೆ ಬಂದವನೆಂದೇ ತಿಳಿಯುತ್ತಾರೆ. ನಾನು ಮುಂದಿನ ಸಾಲಿನಲ್ಲಿ ಕೂತು, ವಿದ್ವಾಂಸರಿಗೂ ನೆರವಾಗಲೆಂದು ತುಸು ಜೋರಾಗಿಯೇ ಹಾಕುತ್ತೇನೆ.

ಹೀಗಿರುವಾಗ, ಲ್ಯಾಪ್‌ಟಾಪಿನಲ್ಲಿ ಸಂಗೀತ ಕಟ್ಟುವ ನನ್ನ ಮಗಳು ನಿಧಿ ಒಂದು ನೃತ್ಯ ಕಾರ್ಯಕ್ರಮಕ್ಕೆ ಅಮ್ಮನ ಮೃದಂಗ ಬೇಕೆಂದಳು. ನನ್ನ ಹೆಂಡತಿ ಸುಮತಿ ಮದುವೆಗೆ ಮುಂಚೆ ಕಲಿತು, ಆಮೇಲೆ ಕೈಬಿಟ್ಟವಳು. ಒಂದೇ ಸಲ ನುಡಿಸುತ್ತೇನೆ, ಇನ್ನೊಮ್ಮೆ ಕೇಳಬೇಡ ಎಂಬ ಕರಾರಿನ ಮೇಲೆ ಒಪ್ಪಿದಳು. ನಾನು ಆಫೀಸಿಗೆ ಹೋದಾಗ ಕೈ ಪಳಗಿಸಿಕೊಂಡಳಂತೆ. ಪೋರೂರಿನ ನಮ್ಮ ಫ್ಲ್ಯಾಟಿನ ಮಲಗುವ ಕೋಣೆಯೇ ಸ್ಟುಡಿಯೋ. ಸದ್ದಾಗುತ್ತದೆಂದು ಫ್ಯಾನ್ ಬಂದ್. ಕೆಮ್ಮಕೂಡದೆಂಬ ಷರತ್ತಿನ ಮೇಲೆ ನನಗೂ ಮೂಲೆಯಲ್ಲಿ ಜಾಗ ಸಿಕ್ಕಿತು.

ಸುಮತಿ ನಾದ ತುಂಬಿ ಬರಲೆಂದು ಮೃದಂಗದ ಎಡಬದಿಯ ತೊಗಲಿಗೆ ಕಲಸಿದ ರವೆ ಮೆತ್ತಿ ಶುರುಮಾಡಿದಳು. ಅಬ್ಬಾ! ಇಷ್ಟು ವರ್ಷ ಆ ಕೈ ತಟ್ಟಿದ ರೊಟ್ಟಿಯನ್ನಷ್ಟೇ ತಿಂದುಕೊಂಡಿದ್ದೆನಲ್ಲ, ನನ್ನಂಥ ಪೆದ್ದನುಂಟೇ? ಬೆರಳುಗಳು ಕಣ್ಣಿಗೇ ಕಾಣಿಸುತ್ತಿರಲಿಲ್ಲ. ನಾನು ಮೈಮರೆತೆ. ಆಮೇಲೆ ನಿಧಿ ಅದರಿಂದ ಒಂದೇ ಒಂದು 'ತೊಂ' ಹೆಕ್ಕಿ ಲ್ಯಾಪ್‌ಟಾಪಿನಲ್ಲಿ ಎಳೆದು ಉದ್ದಮಾಡಿದಳು. ಆ ಪೆಟ್ಟು ನಿಲ್ಲದೆ ಬೆಳೆಯುತ್ತ ಹೋಗಿ ಮಂಚ, ಕಿಟಕಿ, ನನ್ನ ಎದೆಗೂಡು ಎಲ್ಲವೂ ಗುಂಯ್‌ಗುಟ್ಟಿದವು. ಸುಮತಿಯೇ ತನ್ನ ಕೈಯನ್ನು ತಿರುಗಿಸಿ ನೋಡಿಕೊಂಡಳು.

ಆದರೆ ರೆಕಾರ್ಡಿಂಗನ್ನು ಮೊದಲಿಂದ ಕೇಳುತ್ತ ಹೋದಂತೆ ನಿಧಿಯ ಮುಖ ಸಣ್ಣದಾಯಿತು. ಮೃದಂಗದ ಹಿಂದೆಯೇ ಪಟ್, ಪಟ್ ಎಂದು ಇನ್ನೊಂದು ಸದ್ದು.

"ಅಪ್ಪಾ, ಇದು ನಿನ್ ತೊಡೆ. ಎಡಿಟ್ ಪಣ್ಣ ಮುಡಿಯಾದು," ಎಂದಳು. ಸಿಟ್ಟು ಬಂದರೆ ಅವಳ ಬಾಯಲ್ಲಿ ತಮಿಳು; ಎಡಿಟ್ ಮಾಡಲಾಗದು ಎಂದರ್ಥ. ಕಿತ್ತರೆ ಅಮ್ಮನ ನುಡಿಕೆಯೂ ಕಿತ್ತುಬರುತ್ತದಂತೆ. ಸಾಲದೆಂಬಂತೆ, ನನ್ನ ಪ್ರತಿ ಏಟೂ ತಡ ಎಂದು ತೆರೆಯ ಮೇಲಿನ ಗೆರೆಗಳನ್ನು ತೋರಿಸಿದಳು. ಸುಮತಿ ಊದಿದ ಬೆರಳು ನೀವಿಕೊಳ್ಳುತ್ತ, "ಇನ್ನೊಂದ್ ಸಲ ನನ್ ಕೈಲಾಗಲ್ಲ ಕಣೇ. ಇದ್ರಲ್ಲೇ ಏನಾದ್ರೂ ಮಾಡು," ಎಂದಳು. ನನಗೆ ಎಲ್ಲಿ ಮುಖ ಮುಚ್ಚಿಕೊಳ್ಳಲಿ ಎನಿಸಿತು.

ಕಾರ್ಯಕ್ರಮ ಎಗ್ಮೋರಿನ ಒಂದು ಸಭಾಂಗಣದಲ್ಲಿ. ನಿಧಿ ನನ್ನ ತಡವನ್ನೇ ಹಿಡಿದು, ಯಂತ್ರದ ನಾದವೆಲ್ಲ ಅದಕ್ಕಾಗಿ ಕಾಯುವಂತೆ ಕಟ್ಟಿಬಿಟ್ಟಿದ್ದಳು. ಸುಮತಿಯ ಮೃದಂಗ ಓಡೋಡಿ ಬರುತ್ತದೆ, ಎಲ್ಲವೂ ತಡೆದು ನಿಲ್ಲುತ್ತದೆ, ಆಮೇಲೆ ನನ್ನ ತೊಡೆ ಗುಡುಗುತ್ತದೆ! ಸಭೆಗೆ ಸಭೆಯೇ ಉಸಿರು ಬಿಗಿಹಿಡಿದಿತ್ತು. ನನಗಂತೂ ಕಣ್ಣು ತುಂಬಿ ಬಂತು. ಇದು ನನ್ನದೇ ತಾಳ, ಇಲ್ಲಾದರೂ ತಪ್ಪಲಾರೆ ಎಂಬ ಧೈರ್ಯದಿಂದ ನಾನೂ ತಟ್ಟತೊಡಗಿದೆ.

ಸುಮತಿ ಮೆಲ್ಲಗೆ ನನ್ನ ಕೈ ಹಿಡಿದಳು.

"ಸುಮ್ನೆ ಕೂತ್ಕೊಳ್ರೀ. ನಿಮ್ ತಾಳಕ್ಕೇ ನೀವು ಹಿಂದೆ ಬಿದ್ದಿದೀರಿ."