ಸುಳ್ಳು ಹೇಳಿದ ಸೆನ್ಸರ್

ಶನಿವಾರ ಬೆಳಿಗ್ಗೆ ಯತೀಶ ಕಾರನ್ನು ತೊಳೆದು, ಒರೆಸಿ, ಕೊನೆಯದಾಗಿ ಒಮ್ಮೆ ಸ್ಟಾರ್ಟ್ ಮಾಡಿದಾಗ ಸ್ಟೀರಿಂಗ್ ಹಿಂದೆ ಎಣ್ಣೆಗಿಂಡಿಯ ಆಕಾರದ ಕೆಂಪು ದೀಪ ಹತ್ತಿತು. ಹತ್ತಿದ್ದು ಆರಲಿಲ್ಲ.

ಸಂಜೆ ನಾಲ್ಕಕ್ಕೆ ಹತ್ತಿರದ ಹ್ಯಾರಿಸ್ ಪಾರ್ಕ್ ಬಡಾವಣೆಯಿಂದ ಶ್ರೀನಾಥ್ ಎಂಬುವವರು ಕಾರು ಕೊಳ್ಳಲು ಬರುವವರಿದ್ದರು. ಭಾನುವಾರ ಯತೀಶ ಮೆಲ್ಬರ್ನಿಗೆ ವಿಮಾನ ಹತ್ತಬೇಕು. ಸೋಮವಾರದಿಂದ ಅಲ್ಲಿ ಹೊಸ ಕೆಲಸ. ಮನೆ ಖಾಲಿ ಮಾಡುತ್ತಿದ್ದುದರಿಂದ ಕಾರನ್ನು ಇಲ್ಲೇ ಬಿಟ್ಟುಹೋಗುವಂತೆಯೂ ಇರಲಿಲ್ಲ. ಮಾರಾಟವಾಗದಿದ್ದರೆ ಅದನ್ನು ತಾನೇ ಓಡಿಸಿಕೊಂಡು ಹೋಗಬೇಕು. ಒಂಬೈನೂರು ಕಿಲೋಮೀಟರ್. ಪೆಂಡಲ್ ಹಿಲ್‌ನ ಮನೆಯಿಂದ ಪಕ್ಕದ ಪ್ಯಾರಮ್ಯಾಟಕ್ಕೆ ಹೋಗಿಬಂದರೇ ಅಂಗೈ ಬೆವರಿ ಸ್ಟೀರಿಂಗ್ ಒದ್ದೆಯಾಗುವಂಥ ಮನುಷ್ಯ ಅವನು. ಹೈವೇ ಟ್ರಕ್ಕುಗಳು ಈಗಾಗಲೇ ಎರಡು ಸಲ ಕನಸಿನಲ್ಲಿ ಬಂದು ಹಾರ್ನ್ ಹೊಡೆದು ಹೋಗಿದ್ದವು.

ಬಾನೆಟ್ ಎತ್ತಿದ ಐದು ನಿಮಿಷಕ್ಕೆ, ನಾಮಕರಣಕ್ಕೆ ಕರೆದವರ ಹಾಗೆ, ಅಕ್ಕಪಕ್ಕದವರು ಸೇರಿದರು. ಮೊದಲು ಬಂದವನು ಅದೇ ಕಟ್ಟಡದ ಮೇಲಿನ ಯೂನಿಟ್‌ನ ಬದರಿನಾಥ, ಸಾಫ್ಟ್‌ವೇರ್ ಟೆಸ್ಟರ್.

"ಆಫ್ ಮಾಡಿ ಆನ್ ಮಾಡಿದ್ಯಾ?"

"ಮಾಡ್ದೆ."

"ಇನ್ನೊಂದ್ಸಲ ಮಾಡು. ನಮ್ ಆಫೀಸಲ್ಲಿ ಮುಕ್ಕಾಲು ಪಾಲು ಹಿಂಗೇ ಸರಿಹೋಗೋದು."

ಹನ್ನೊಂದು ಸಲ ಮಾಡಿದ್ದಾಯಿತು. ಬದರಿನಾಥ ಕೈ ತೂರಿಸಿ ಒಂದು ಫ್ಯೂಸ್ ಕಿತ್ತ. ಕೆಂಪು ದೀಪ ಆರಿತು.

"ನೋಡು, ಫಿಕ್ಸ್ ಆಯ್ತು!"

ದೀಪದ ಜೊತೆಗೆ ಸ್ಪೀಡೋಮೀಟರ್, ಪೆಟ್ರೋಲ್ ಮುಳ್ಳು, ಇಂಡಿಕೇಟರ್ ಎಲ್ಲವೂ ಸತ್ತಿದ್ದವು.

"ಅದು ಸೈಡ್ ಎಫೆಕ್ಟು," ಎಂದ ಬದರಿನಾಥ ಗಂಭೀರವಾಗಿ. ಯತೀಶ ಫ್ಯೂಸನ್ನು ವಾಪಸ್ ಹಾಕಿದ.

ಕೆಳಗಿನ ಯೂನಿಟ್‌ನ ಭಾಗೀರಥಿ ಆಂಟಿ ಎಲ್ಲರಿಗೂ ಕಾಫಿ ತಂದರು. "ಯಾಕಪ್ಪಾ ಇಷ್ಟು ಒದ್ದಾಟ? ಓಡಿಸ್ಕೊಂಡೇ ಹೋಗ್ಬಿಡು. ದಾರಿ ತುಂಬಾ ಚೆನ್ನಾಗಿದ್ಯಂತೆ."

"ನಂಗೆ ಹೈವೇ ಅಂದ್ರೆ ಭಯ ಆಂಟಿ."

"ಭಯ ಎಲ್ಲಾ ದಾರೀಲಿ ಗೌಲ್‌ಬರ್ನ್ ಊರು ಬರೋವರೆಗೆ ಅಷ್ಟೆ. ಆಮೇಲೆ ಅಭ್ಯಾಸ ಆಗತ್ತೆ."

ಮಧ್ಯಾಹ್ನದ ಹೊತ್ತಿಗೆ ಪಕ್ಕದ ಯೂನಿಟ್‌ನ ಸಿದ್ದಣ್ಣ ವಾಕಿಂಗ್ ಮುಗಿಸಿ ಬಂದರು. ಹುಬ್ಬಳ್ಳಿಯ ಬಸ್ ಡಿಪೋದಲ್ಲಿ ಮೂವತ್ತು ವರ್ಷ ಮೆಕ್ಯಾನಿಕ್ ಆಗಿದ್ದವರು. ಮಗಳ ಮನೆಗೆಂದು ಬಂದು ಆರು ತಿಂಗಳಾಗಿತ್ತು. ಆರು ತಿಂಗಳಲ್ಲಿ ಯಾರೂ ಅವರನ್ನು ಏನನ್ನೂ ಕೇಳಿರಲಿಲ್ಲ. ಕಡ್ಡಿ ಎಳೆದು ಆಯಿಲ್ ನೋಡಿದರು. ಕಣ್ಣು ಮುಚ್ಚಿ ಇಂಜಿನ್ ಸದ್ದು ಕೇಳಿದರು.

"ದೀಪ ಹತ್ತಾಕ ಎರಡು ಕಾರಣ ತಮ್ಮಾ. ಒಂದು, ಒಳಗ ಆಯಿಲ್ ಪ್ರೆಶರ್ ಇಲ್ಲ, ಇಂಜಿನ್ ಸಾಯಾಕತ್ತೈತಿ. ಇಲ್ಲಾ, ಪ್ರೆಶರ್ ಐತಿ, ಸೆನ್ಸರ್ ಸುಳ್ಳು ಹೇಳಾಕತ್ತೈತಿ."

"ಯಾವ್ದು ಅಂತ ಹೆಂಗೆ ಗೊತ್ತಾಗತ್ತೆ ಅಂಕಲ್?"

"ಸುಳ್ಳು ಹೇಳೋರ್ನ ಕೇಳಿದ್ರ ಗೊತ್ತಾಕ್ಕೈತೇನು? ಅದನ್ನ ಬಿಚ್ಚಿ ಅದೇ ತೂತಿಗೆ ಪ್ರೆಶರ್ ಅಳಿಯೋ ಗೇಜ್ ಹಾಕು. ಮುಳ್ಳು ಎದ್ರ ಇಂಜಿನ್ ಗಟ್ಟಿ."

ಯತೀಶ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಓಡಿ, ಲೈಸೆನ್ಸ್ ಅಡವಿಟ್ಟು ಗೇಜ್ ತಂದ. ಸೆನ್ಸರ್ ಬಿಚ್ಚುವಾಗ ಒಳಗಿದ್ದ ಆಯಿಲ್ ಮೊಣಕೈವರೆಗೆ ಇಳಿದು, ಸೋಮವಾರಕ್ಕೆಂದು ಇಸ್ತ್ರಿ ಮಾಡಿಸಿ, ಇವತ್ತು ಶ್ರೀನಾಥ್ ಎದುರು ಚೆನ್ನಾಗಿರಲಿ ಎಂದು ತೊಟ್ಟಿದ್ದ ಅಂಗಿಯ ಮೇಲೆ ಹರಡಿತು. ಗೇಜ್ ಕೂಡಿಸಿ ಇಂಜಿನ್ ಶುರು ಮಾಡಿದರು. ನಾಲ್ವರೂ ಗೇಜಿನ ಮೇಲೆ ಬಗ್ಗಿದರು. ಮುಳ್ಳು ನೆಟ್ಟಗೆ ಎದ್ದು ನಿಂತಿತು.

"ಇಂಜಿನ್ ಕಲ್ಲಿನಂಗೈತಿ!" ಎಂದರು ಸಿದ್ದಣ್ಣ. ಅವರ ಕಣ್ಣು ತೇವವಾಗಿತ್ತು.

ಯತೀಶ ಅಂಗಡಿಗೆ ಮತ್ತೆ ಓಡಿ, ಗೇಜ್ ಕೊಟ್ಟು ಲೈಸೆನ್ಸ್ ಬಿಡಿಸಿಕೊಂಡು, ಹೊಸ ಸೆನ್ಸರ್ ತಂದು ಹಾಕಿದಾಗ ಮೂರೂವರೆ. ದೀಪ ಕ್ಷಣಮಾತ್ರ ಹತ್ತಿ, ಆರಿ, ಆರಿಯೇ ಉಳಿಯಿತು. ಯತೀಶನಿಗೆ ಎಷ್ಟೋ ದಿನಗಳ ಮೇಲೆ ಹಸಿವಾಯಿತು.

ಶ್ರೀನಾಥ್ ಹೇಳಿದ ಹೊತ್ತಿಗೇ ಬಂದರು. ರೈಲ್ವೆ ಸ್ಟೇಷನ್‌ವರೆಗೆ ಒಂದು ಸುತ್ತು ಓಡಿಸಿ, ನಗುತ್ತಾ ಇಳಿದರು. ಯತೀಶ ಬೆಳಿಗ್ಗೆ ನಡೆದದ್ದನ್ನು ಹೇಳಲು ಬಾಯಿ ತೆರೆದ. "ಒಂದು ಸೆನ್ಸರ್ ಹೋಗಿತ್ತು ಸಾರ್, ಹೊಸದು ಹಾಕಿಸಿದೀನಿ."

"ಅಷ್ಟೇ ತಾನೇ? ಪೆನ್ ಕೊಡಿ," ಎನ್ನುತ್ತಾ ಶ್ರೀನಾಥ್ ಮಾರಾಟದ ಕಾಗದವನ್ನು ಬಾನೆಟ್ ಮೇಲೆ ಹರಡಿದರು.

"ಧೈರ್ಯವಾಗಿ ತಗೊಳ್ಳಿ," ಎಂದರು ಪಕ್ಕದಲ್ಲಿ ಖಾಲಿ ಲೋಟ ಎತ್ತಿಕೊಳ್ಳುತ್ತಿದ್ದ ಭಾಗೀರಥಿ ಆಂಟಿ. "ಬೆಳಿಗ್ಗೆ ಇಂಜಿನ್ನೇ ಹೋಯ್ತು ಅಂದ್ಕೊಂಡ್ವಿ. ಪಾಪ, ಈ ಹುಡುಗ್ರೇ ಬಿಚ್ಚಿ ಜೋಡಿಸಿದ್ರು. ಇಬ್ರೂ ಸಾಫ್ಟ್‌ವೇರು. ಇಂಜಿನ್ ಮುಟ್ಟಿದ್ದು ಇವತ್ತೇ ಮೊದಲು."

ಪೆನ್ನು ನಿಂತಿತು.

"ಬರೇ ಸೆನ್ಸರ್ ರೀ! ನಾ ನಿಂತು ಮಾಡ್ಸೀನಿ!" ಸಿದ್ದಣ್ಣ ಕೂಗಿದರು.

"ಒಟ್ಟು ಹನ್ನೆರಡು ಟೆಸ್ಟ್ ಮಾಡಿದೀವಿ ಸಾರ್, ಹನ್ನೊಂದು ಮಾತ್ರ ಫೇಲ್," ಎಂದ ಬದರಿನಾಥ, ಸಹಾಯ ಮಾಡುವ ಉತ್ಸಾಹದಲ್ಲಿ.

ಶ್ರೀನಾಥ್ ಕಾಗದ ಮಡಚಿದರು. "ನಾನೂ ಸಾಫ್ಟ್‌ವೇರೇ," ಎಂದರು ಮೆಲ್ಲಗೆ. "ನಾವು ಬಿಚ್ಚಿ ಜೋಡಿಸಿದ್ದು ಹೆಂಗಿರತ್ತೆ ಅಂತ ನಂಗೊತ್ತು." ಅವರು ಸ್ಟೇಷನ್ ಕಡೆ ಬೇಗಬೇಗ ನಡೆದು ಮರೆಯಾದರು.

ಯತೀಶ ಕಾರಿನ ಪಕ್ಕ ನೆಲದ ಮೇಲೆ ಕೂತ. ವಿಮಾನ ತಪ್ಪಿದಂತೆಯೇ, ಇನ್ನು ಟ್ರಕ್ಕುಗಳು ನಿಜವಾಗಿಯೇ ಬರುತ್ತವೆ.

ಅಷ್ಟರಲ್ಲಿ ಆಂಟಿ ಮತ್ತೆ ಬಂದರು. ಕೈಯಲ್ಲಿ ಬಿಸಿ ಡಬ್ಬಿ. "ಪುಳಿಯೋಗರೆ ಕಣಪ್ಪಾ, ನಾಳೆ ದಾರಿಗೆ." ಅವರ ಹಿಂದೆ ಬದರಿನಾಥ ಏದುಸಿರು ಬಿಡುತ್ತಾ ದೊಡ್ಡದೊಂದು ರಟ್ಟಿನ ಪೆಟ್ಟಿಗೆ ಹೊತ್ತು ತಂದು, ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿದ.

"ಇದೇನು ಆಂಟಿ?"

"ರುಬ್ಬೋ ಗ್ರೈಂಡರ್ರು. ನಮ್ ಮಗಳು ಜಲಜಾ ಮೆಲ್ಬರ್ನ್ ಪಕ್ಕ ವೆರಿಬೀಲಿ ಇದಾಳಲ್ಲ, ದೋಸೆ ಹಿಟ್ಟಿಗೆ ಮೂರ್ ತಿಂಗಳಿಂದ ಕೇಳ್ತಿದಾಳೆ. ಕಲ್ಲಿನ ಭಾರ ನೋಡಿ ಪ್ಲೇನಲ್ಲಿ ಹೋಗೋರು ಯಾರೂ ಒಪ್ಪಲ್ಲ. ನೀನು ಹೆಂಗೂ ಕಾರಲ್ಲೇ ಹೋಗ್ತಿದೀಯಲ್ಲ."

ಪೆಟ್ಟಿಗೆಗೆ ನಾಲ್ಕು ಸುತ್ತು ಟೇಪು, ಅದರ ಮೇಲೆ ಹಗ್ಗ, ಅದರ ಮೇಲೆ ದಪ್ಪ ಅಕ್ಷರದಲ್ಲಿ ವೆರಿಬೀ ವಿಳಾಸ. ಯತೀಶ ಅದನ್ನೇ ನೋಡಿದ.

"ಇಷ್ಟು ಬೇಗ ಯಾವಾಗ ಪ್ಯಾಕ್ ಮಾಡಿದ್ರಿ ಆಂಟಿ?"

"ನೆನ್ನೇನೇ," ಎಂದರು ಭಾಗೀರಥಿ ಆಂಟಿ, ಗ್ರೈಂಡರಿಗೆ ಸೀಟ್‌ಬೆಲ್ಟ್ ಹಾಕುತ್ತಾ. "ಕಾರು ನೋಡೋಕೆ ಯಾರೋ ಬರ್ತಾರೆ ಅಂತ ನೀನು ಹೇಳಿದ್ಯಲ್ಲ, ಆವಾಗ್ಲೇ."