ಬೋರಲಿಂಗಯ್ಯನ ಸುಳ್ಳು ಎದೆನೋವು

ಬೋರಲಿಂಗಯ್ಯ ಜನ್ಮದಲ್ಲಿ ಸುಳ್ಳು ಹೇಳಿದವನಲ್ಲ ಎಂದರೆ ಅದೇ ಒಂದು ಸುಳ್ಳಾದೀತು. ಆದರೆ ಎದೆನೋವೆಂದು ಜಗಲಿ ಮೇಲೆ ಉರುಳಿಕೊಂಡದ್ದು ಅದೇ ಮೊದಲು. ಅದೂ ಮಗಳು ಪ್ರತಿಮಾ ಕೇಳಿಕೊಂಡಳೆಂದು.

"ಯಾರ್ಗೂ ಬಾಯಿ ಬುಡ್ಬ್ಯಾಡಪ್ಪ. ಮಾಗಡಿ ಆಸ್ಪತ್ರೆ ತಲುಪೋಗಂಟ ಏಳ್ಬ್ಯಾಡ. ನಮ್ ಆಂಬ್ಯುಲೆನ್ಸ್ ಹೆಂಗೆ ಕೆಲ್ಸ ಮಾಡ್ತದೆ ಅಂತ ನೋಡ್ಬೇಕು."

"ಮಧ್ಯಾಹ್ನಕ್ಕೆ ಬೀಗ್ರು ಬತ್ತಾವ್ರಲ್ಲವ್ವ?"

"ಅಷ್ಟೊತ್ಗೆ ವಾಪಸ್ ಬಂದ್ಬುಡ್ತೀವಿ."

ಪ್ರತಿಮಾ ಆರೋಗ್ಯ ಕೇಂದ್ರದ ನರ್ಸು. ಮೊದಲೆಲ್ಲ ಸೋಲೂರು ಸುತ್ತಿನ ಈ ಹಳ್ಳಿಗಳಲ್ಲಿ ಹೆರಿಗೆ ನೋವು ಬಂದವಳೂ ಹಾವು ಕಚ್ಚಿಸಿಕೊಂಡವನೂ ಟ್ರ್ಯಾಕ್ಟರಿನಲ್ಲಿ ಕುಲುಕಿಕೊಂಡೇ ಹೋಗಬೇಕಿತ್ತು. ಅವಳು ಡೇರಿಯವರ ಬೆನ್ನು ಬಿದ್ದು ಹಳೆಯ ಹಾಲಿನ ವ್ಯಾನು ಪಡೆದಳು. ಒಳಗೆ ಸ್ಟ್ರೆಚರು, ಆಮ್ಲಜನಕ ಕೂಡಿಸಿದಳು. ಊರಿನವರಿಗೆಲ್ಲ ಅದರ ಫೋನ್ ನಂಬರು ಬಾಯಿಪಾಠ ಮಾಡಿಸಿದಳು, ದಾರಿಯುದ್ದ ರಸ್ತೆ ಬಿಡಿಸಲು ಜನರನ್ನು ಒಪ್ಪಿಸಿದಳು. ಇಷ್ಟೆಲ್ಲ ಒಬ್ಬ ಹೆಣ್ಣುಮಗಳು ಮಾಡಿದ್ದು ನೋಡಿದರೆ ಯಾರಿಗಾದರೂ ಕೈ ಮುಗಿಯಬೇಕೆನಿಸುತ್ತದೆ.

ಬೋರಲಿಂಗಯ್ಯನಿಗೆ ಇದರಿಂದ ಇನ್ನೊಂದು ಅನುಕೂಲವಿತ್ತು. ಅವಳ ನಿಶ್ಚಿತಾರ್ಥವಾಗಿತ್ತು, ಮದುವೆಯ ದಿನ ಗೊತ್ತು ಮಾಡುವುದಷ್ಟೇ ಬಾಕಿ. "ಅವಳಿಲ್ದೆ ಆಂಬ್ಯುಲೆನ್ಸ್ ನಡಿಯಾಕಿಲ್ಲ, ಒಂದು ವರ್ಷ ತಡೀರಿ" ಎಂದು ಬೀಗರಿಗೆ ಹೇಳಲು ಅವನು ಮಾತು ಸಿದ್ಧಮಾಡಿಕೊಂಡಿದ್ದ. ಹೆಂಡತಿ ಹೋದ ಮೇಲೆ ಆ ಮನೆಯಲ್ಲಿ ಮಾತು ಎಂದರೆ ಮಗಳ ಮಾತೇ. ಅದೂ ನಿಂತುಹೋಗುವುದನ್ನು ನೆನೆದರೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ.

ಎದೆ ಹಿಡಿದು ಅವನು "ಅಯ್ಯೋ" ಅಂದದ್ದೇ ತಡ, ಪಕ್ಕದ ಮನೆ ಅಂಬುಜಮ್ಮ ಓಡಿಬಂದು ಫೋನ್ ಒತ್ತಿದಳು. ಒಂದು ಕಡೆ ವಿಳಾಸ, ಇನ್ನೊಂದು ಕಡೆ ಅಳು, ಎರಡನ್ನೂ ಒಟ್ಟಿಗೇ ನಿಭಾಯಿಸಿದಳು. "ಮಗಳು ನರ್ಸಾಗಿದ್ದೂ ಸುಮ್ನೆ ಕೈ ಕಟ್ಕೊಂಡು ನಿಂತವ್ಳಲ್ಲ!"

"ಗಾಬ್ರಿಗೆ ಕಲ್ಲಾಗೋಗವ್ಳೆ, ಪಾಪ" ಎಂದ ಎದುರು ಮನೆಯ ನರಸಯ್ಯ. ಆಮೇಲೆ ಬೋರಲಿಂಗಯ್ಯನ ಕಿವಿಗೆ ಬಗ್ಗಿ, "ಬೋರಣ್ಣ, ನಿನ್ ಹುಲ್ಲಿನ ಮೆದೆಗೆ ದಿನಾ ಹಸ ಬುಡ್ತಿದ್ದೋನು ನಾನೇ ಕಣಪ್ಪ. ಮನಸ್ಸಲ್ಲಿಟ್ಕೊಂಡು ಹೋಗ್ಬ್ಯಾಡ" ಎಂದು ಬಿಕ್ಕಿದ.

ಬೋರಲಿಂಗಯ್ಯನ ಮೈಯೆಲ್ಲ ಉರಿಯಿತು. ಎದ್ದು ನಾಲ್ಕು ಬಿಗಿಯೋಣವೆಂದರೆ ಮಗಳು ಕಣ್ಣಲ್ಲೇ ಗದರಿದಳು.

ಅಂಬುಜಮ್ಮ ಸತ್ತವರ ಗುಣಗಾನ ಶುರುಮಾಡುವಷ್ಟರಲ್ಲಿ ಡ್ರೈವರ್ ನಜೀರನ ವ್ಯಾನು ಬಾಗಿಲಿಗೇ ಬಂತು. ನಾಲ್ಕು ಜನ ರೋಗಿಯನ್ನು ಮೊಟ್ಟೆಯಂತೆ ಎತ್ತಿ ಮಲಗಿಸಿದರು. ಮುಂದಿನ ಊರಲ್ಲಿ ಕುರಿಮಂದೆ ಆಗಲೇ ಬದಿಗೆ ಸರಿದಿತ್ತು. ಅದರಾಚೆಯ ಊರಲ್ಲಿ ದಿಬ್ಬಣದ ಬಸ್ಸೇ ಹಿಂದಕ್ಕೆ ಹೋಗಿ ದಾರಿ ಬಿಟ್ಟಿತು. ಪ್ರತಿಮಾ ಮೂಲೆಯಲ್ಲಿ ಕೂತು ಒಂದು ಮಾತೂ ಆಡದೆ ನೋಡುತ್ತಿದ್ದಳು.

ಗ್ರಹಚಾರ ಸೋಲೂರಿನಲ್ಲಿ ಕಾದಿತ್ತು. ಬೇಗ ಹೋದರೆ ಬಿಸಿ ಮುದ್ದೆ ಸಿಗುತ್ತದೆಂದು ಹೊತ್ತಿಗೆ ಮುಂಚೆಯೇ ಹಾರೋಹಳ್ಳಿ ಕಡೆಯಿಂದ ಬಂದಿದ್ದ ಬೀಗ ಕೆಂಪರಾಜು, ವ್ಯಾನು ತಿರುವಿನಲ್ಲಿ ನಿಧಾನವಾದಾಗ ಒಳಗಿದ್ದವನ ಗುರುತು ಹಿಡಿದು ಹತ್ತಿಯೇಬಿಟ್ಟ.

"ಅಯ್ಯೋ ಬೀಗ್ರೇ! ಏನಾರ ಹೆಚ್ಚುಕಮ್ಮಿ ಆದ್ರೆ ವರ್ಷ ತುಂಬೋಗಂಟ ಮದ್ವೆ ಮಾಡಂಗಿಲ್ಲ. ನಿಮ್ ಕಣ್ಮುಂದೇನೆ ಆಗ್ಬುಡ್ಲಿ. ಈ ಶುಕ್ರವಾರಾನೇ!"

ಬೋರಲಿಂಗಯ್ಯ ದಡಕ್ಕನೆ ಎದ್ದು ಕೂತ. "ನಂಗೇನೂ ಆಗಿಲ್ಲ ಕಣ್ರೀ!"

"ಕೊನೇ ಗಳಿಗೇಲಿ ಒಸಿ ಹಿಂಗೇ ಶಕ್ತಿ ಬರೋದು" ಎಂದು ಕೆಂಪರಾಜು ಅವನನ್ನು ಅದುಮಿ ಮಲಗಿಸಿದ.

ಮಾಗಡಿ ಆಸ್ಪತ್ರೆಯ ಅಂಗಳದಲ್ಲಿ ಬಾಗಿಲು ತೆರೆದದ್ದೇ ಬೋರಲಿಂಗಯ್ಯ ಕೆಳಗೆ ಹಾರಿ, ಪಂಚೆ ಎತ್ತಿಕಟ್ಟಿ, ಬೇವಿನ ಮರವನ್ನು ಎರಡು ಸುತ್ತು ಓಡಿ ತೋರಿಸಿದ. "ನೋಡ್ರಿ! ಗುಂಡುಕಲ್ಲು ಇದ್ದಂಗಿವ್ನಿ! ಶುಕ್ರವಾರ ಗಿಕ್ರವಾರ ಏನೂ ಬ್ಯಾಡ!"

ಪ್ರತಿಮಾ ನಗುತ್ತಾ ಇದು ಬರೀ ಪರೀಕ್ಷೆ ಎಂದು ಬಿಡಿಸಿ ಹೇಳಿದಳು. ಡಾಕ್ಟರಿಗೂ ಮೊದಲೇ ತಿಳಿಸಿದ್ದಳಂತೆ. ಕೆಂಪರಾಜು ಬಾಯಿ ಬಿಟ್ಟುಕೊಂಡು ವ್ಯಾನನ್ನು ಒಂದು ಸುತ್ತು ಬಂದ.

"ಇದ್ನೆಲ್ಲಾ ನೀನು ಮಾಡಿದ್ದೇನವ್ವ? ನಮ್ಮೂರಲ್ಲಿ ಹೋದ್ ತಿಂಗ್ಳು ಒಬ್ಳು ಬಾಣಂತಿ ದಾರೀಲೇ ಹೋಗ್ಬುಟ್ಲು. ಸುತ್ತ ಹತ್ತೂರ್ಗೆ ಒಂದು ಗಾಡಿ ಇಲ್ಲ." ಅವನು ಬೋರಲಿಂಗಯ್ಯನ ಕಡೆ ತಿರುಗಿದ. "ಬೀಗ್ರೇ, ಇಂಥ ಸೊಸೇನ ಒಂದು ದಿನಾನೂ ಬುಡಾಕಿಲ್ಲ. ಶುಕ್ರವಾರಾನೇ!"

ಸಾಯುತ್ತಿದ್ದರೂ ಶುಕ್ರವಾರ, ಓಡಿದರೂ ಶುಕ್ರವಾರ. ಬೋರಲಿಂಗಯ್ಯ ಸಿದ್ಧಮಾಡಿಟ್ಟಿದ್ದ ಮಾತನ್ನು ಹೊರಗೆ ತೆಗೆದ. "ಅದೆಂಗಾಯ್ತದೆ? ಅವಳಿಲ್ದೆ ಇಲ್ಲಿ ಆಂಬ್ಯುಲೆನ್ಸ್ ನಡಿಯಾಕಿಲ್ಲ! ನೀನೇ ಹೇಳವ್ವ."

ಪ್ರತಿಮಾ ಅವನ ಕೈ ಹಿಡಿದುಕೊಂಡಳು. ಕಣ್ಣಲ್ಲಿ ನೀರಿತ್ತು, ಮುಖದಲ್ಲಿ ಹೆಮ್ಮೆಯೂ ಇತ್ತು.

"ನಾನಿಲ್ದೆ ನಡೀತದಾ ಅಂತ ನೋಡಾಕೇ ಅಲ್ವೇನಪ್ಪ, ಇವತ್ತು ನಿನ್ನ ಮಲಗ್ಸಿದ್ದು?"