ಬೋರಯ್ಯನ ಬಾಗಿಲ ಮುಳ್ಳು

ಬೋರಯ್ಯನ ತಾಯಿ ಮರಿಯಮ್ಮ ಇನ್ನೊಂದು ಗಳಿಗೆ ತಡೆದು ಪ್ರಾಣ ಬಿಟ್ಟಿದ್ದರೆ ಈ ಕತೆ ಹುಟ್ಟುತ್ತಲೇ ಇರಲಿಲ್ಲ. ಬದುಕಿದ್ದಷ್ಟು ಕಾಲ ಯಾರಿಗೂ ತೊಂದರೆ ಕೊಡದ ಮುದುಕಿ ಸಾಯುವಾಗ ಮಾತ್ರ ಅವಸರ ಮಾಡಿದಳು. ಪಂಚಾಂಗ ಬಿಚ್ಚಿದ ಅಯ್ಯನವರು ಸತ್ತ ನಕ್ಷತ್ರ ಕೆಟ್ಟದ್ದೆಂದೂ, ಮೂರು ತಿಂಗಳು ಆ ಮನೆಯಲ್ಲಿ ಒಲೆ ಹೊತ್ತಿಸಕೂಡದೆಂದೂ ಹೇಳಿ ತಮ್ಮ ದಕ್ಷಿಣೆ ತೆಗೆದುಕೊಂಡು ಹೊರಟರು. ಮಾದಿಹಳ್ಳಿಯ ಕೆಳಗೇರಿಯ ಜನ ತಿಥಿ ಊಟ ಉಂಡು ಕೈ ತೊಳೆದರು, ತೊಳೆದ ಕೈಯಿಂದಲೇ ಬೋರಯ್ಯನ ಬಾಗಿಲಿಗೆ ಜಾಲಿ ಮುಳ್ಳು ಎಳೆದರು. ಕೆಟ್ಟ ನಕ್ಷತ್ರದ ಸಾವಾದ ಮನೆಗೆ ಅದೇ ಬೀಗ. ಆ ಮುಳ್ಳನ್ನು ದಾಟಿ ಒಳಗೆ ಹೋದರೆ ಬೀದಿಯಲ್ಲಿ ಇನ್ನೊಂದು ಹೆಣ ಬೀಳುತ್ತದೆ ಎಂದು ಪಕ್ಕದ ಮನೆಯ ಗಿಡ್ಡಮ್ಮ ಅಂದೇ ಸಾರಿಬಿಟ್ಟಿದ್ದಳು.

ಬೋರಯ್ಯ ಹೆಂಡತಿ ಕೆಂಚಮ್ಮನನ್ನು ಕರೆದುಕೊಂಡು ದಿಣ್ಣೆಯ ಮೇಲಿನ ತೆಂಗಿನ ತೋಟದ ಗುಡಿಸಲಿಗೆ ಹೋದ. ಕಾವಲಿನವನು ಒಂದು ರಾತ್ರಿ ಮಲಗಲೆಂದು ಕಟ್ಟಿದ ಗುಡಿಸಲು ಅದು. ಬೇಸಿಗೆ ಮುಗಿಯುವವರೆಗೆ ಹೇಗೋ ನಡೆಯಿತು. ಆಮೇಲೆ ಸಾವಿರದ ಒಂಬೈನೂರ ಇಪ್ಪತ್ತನಾಲ್ಕನೆಯ ಇಸವಿಯ ಆಷಾಢದ ಮಳೆ ಹಿಡಿದುಕೊಂಡಿತು. ಗುಡಿಸಲಿನ ಒಳಗೆ ಕೂತರೂ ಒಂದೇ, ಹೊರಗೆ ನಿಂತರೂ ಒಂದೇ ಎನ್ನುವಂತಾಯಿತು. ಕೆಂಚಮ್ಮನಿಗೆ ಕೆಮ್ಮು ಹತ್ತಿತು. ಹತ್ತಿದ್ದು ಇಳಿಯಲಿಲ್ಲ. ನಾಟಿ ವೈದ್ಯ ಎದೆಗೆ ಕಿವಿಯಿಟ್ಟು ಕೇಳಿ, ಇವಳನ್ನು ಒಣಗಿದ ಜಾಗಕ್ಕೆ ಕರೆದುಕೊಂಡು ಹೋಗದಿದ್ದರೆ ತನ್ನ ಬೇರು ನಾರು ಏನೂ ಮಾಡಲಾರದು ಎಂದ.

ಅಷ್ಟರಲ್ಲಿ ಊರ ಕೆರೆಯ ಏರಿ ಒಡೆದು ನೀರು ಕೆಳಗೇರಿಗೆ ನುಗ್ಗಿತು. ಜನ ಹೇಗೋ ಪಾರಾದರು. ಗೋಡೆಗಳು ಬಿದ್ದವು. ಬೋರಯ್ಯನ ಮನೆಯ ಹಿಂದಿನ ಗೋಡೆಯೂ ನೆನೆದ ಹಪ್ಪಳದಂತೆ ಕುಸಿಯಿತು. ಶ್ರಾವಣದ ಅಮಾವಾಸ್ಯೆ ಕಳೆದರೆ ಮೂರು ತಿಂಗಳು ತುಂಬಿ ಮುಳ್ಳು ತೆಗೆಯಬಹುದಿತ್ತು. ಆದರೆ ಗೋಡೆಯಿಲ್ಲದ ಮನೆಗೆ ಕೆಮ್ಮುವ ಹೆಂಡತಿಯನ್ನು ಹೇಗೆ ತರುವುದು? ಗೋಡೆ ಎತ್ತಿಸಲು ಅವನ ಹತ್ತಿರ ಕಾಸಿರಲಿಲ್ಲ. ಸರ್ಕಾರ ನೆರೆ ಬಂದವರಿಗೆ ಪರಿಹಾರ ಕೊಡುತ್ತದಂತೆ ಎಂಬ ಸುದ್ದಿಯೊಂದನ್ನೇ ಅವನು ದೇವರ ಪ್ರಸಾದದಂತೆ ಕಣ್ಣಿಗೊತ್ತಿಕೊಂಡು ಕಾಯುತ್ತಿದ್ದ.

ಶ್ರಾವಣದ ಮೊದಲ ಸೋಮವಾರ ಬೆಳಿಗ್ಗೆ ತಳವಾರ ತಮಟೆ ಬಡಿದು ಸಾರಿದ. ಹೋಬಳಿಯ ಕಂದಾಯ ನೋಡುವ ಶೇಕ್ದಾರರು ಇವತ್ತೇ ಬರುತ್ತಾರೆ, ಮನೆ ಮನೆ ನೋಡುತ್ತಾರೆ. ಬಿದ್ದ ಗೋಡೆಗೆ ಇಷ್ಟು, ಕೊಚ್ಚಿಹೋದ ಪಾತ್ರೆ ಪಡಗಕ್ಕೆ ಇಷ್ಟು ಎಂದು ಅಲ್ಲೇ ಬರೆದುಕೊಡುತ್ತಾರೆ. ಕೊನೆಗೆ ಒಂದು ಮಾತು ಸೇರಿಸಿದ: ಪರಿಹಾರ ಜನ ವಾಸವಿದ್ದ ಮನೆಗೆ ಮಾತ್ರ, ಹಾಳು ಮನೆಗೆ ಇಲ್ಲ.

ಬೋರಯ್ಯ ತೋಟದಿಂದ ಓಡಿಬಂದು ತನ್ನ ಬಾಗಿಲ ಮುಂದೆ ನಿಂತ. ಜಾಲಿ ಮುಳ್ಳು ಬಾಗಿಲಿಗೆ ಅಡ್ಡವಾಗಿ ಬಿದ್ದುಕೊಂಡಿತ್ತು. ಇದಕ್ಕಿಂತ ಹಾಳು ಮನೆ ಇಡೀ ಬೇಲೂರು ತಾಲ್ಲೂಕಿನಲ್ಲಿ ಇರಲಾರದು ಎಂದು ಅವನಿಗೇ ಅನ್ನಿಸಿತು.

ಎದುರು ಮನೆಯ ಹುಚ್ಚಣ್ಣ ಜಗಲಿಯಿಂದ ಇಳಿದು ಬಂದ. ಯಾರದೋ ಜಮೀನಿನ ವ್ಯಾಜ್ಯದಲ್ಲಿ ಹಾಸನದ ಕೋರ್ಟಿನಲ್ಲಿ ಒಮ್ಮೆ ಸಾಕ್ಷಿ ನುಡಿದು ಬಂದಿದ್ದ ಅವನು ಅಂದಿನಿಂದ ಕೇಳಿದವರಿಗೂ ಕೇಳದವರಿಗೂ ಕಾನೂನು ಹೇಳುತ್ತಿದ್ದ.

"ಏನ್ಲಾ, ಹೆಣ ಕಾಯೋನಂಗೆ ನಿಂತಿದೀಯ? ಮುಳ್ಳು ತೆಗೆದ್ರಾಯ್ತಪ್ಪ."

"ಮೂರು ತಿಂಗಳು ತುಂಬಿಲ್ವಲ್ಲಣ್ಣ. ಬೀದಿಗೆ ಕೇಡು ಅಂದಿದ್ರಿ."

"ಕೇಡು ಬಂದು ವಾಸ ಮಾಡಿದ್ರೆ. ಇದು ಒಂದು ಮದ್ಯಾನ. ಸರ್ಕಾರದೋರು ಬಂದಾಗ ನಕ್ಷತ್ರನೂ ಒಸಿ ಸರ್ಕೊಂಡು ಕೂತ್ಕತದೆ ಬುಡು."

ಬೋರಯ್ಯನಿಗೆ ಕಿವಿಯನ್ನೇ ನಂಬಲಾಗಲಿಲ್ಲ. ಮುಳ್ಳು ಎಳೆಯುವಾಗ ಮುಂದೆ ನಿಂತು ಕೂಗಿದವನೇ ಈ ಹುಚ್ಚಣ್ಣ. ನೋಡನೋಡುತ್ತಿದ್ದಂತೆ ಗಿಡ್ಡಮ್ಮನೂ ಹೊರಗೆ ಬಂದಳು, ಮೂಲೆಮನೆಯ ದೇವೀರಪ್ಪನೂ ಬಂದ. ಮೂವರೂ ಸೇರಿ ತಾವೇ ಮುಳ್ಳನ್ನು ಎಳೆದು ಒಳಗಿನ ಮೂಲೆಗೆ ತಳ್ಳಿದರು. ಕೆಂಚಮ್ಮನನ್ನು ಕರೆಸಿ ಒಲೆ ಹೊತ್ತಿಸಲು ಹೇಳಿದರು. ಒಲೆಯಲ್ಲಿ ಬೆಂಕಿಯಿಲ್ಲದಿದ್ದರೆ ಶೇಕ್ದಾರರು ನಂಬುವುದಿಲ್ಲ ಎಂದು ಹುಚ್ಚಣ್ಣನ ಕಾನೂನು.

ಕೆಂಚಮ್ಮ ಮೇಲುಸಿರು ಬಿಡುತ್ತಾ ದಿಣ್ಣೆಯಿಳಿದು ಬಂದಳು, ತನ್ನ ಮನೆಯ ಹೊಸ್ತಿಲಿಗೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡಳು. ಸೌದೆಯೆಲ್ಲ ಹಸಿ. ಊದಿದಷ್ಟೂ ಹೊಗೆ, ಹೊಗೆಗೆ ಇನ್ನಷ್ಟು ಕೆಮ್ಮು. ಕೊನೆಗೆ ಮೂಲೆಯಲ್ಲಿದ್ದ ಒಣಗಿದ ಜಾಲಿಯನ್ನೇ ಮುರಿದು ಒಡ್ಡಿದಳು, ಒಲೆ ಹತ್ತಿತು. ಇತ್ತ ಗಿಡ್ಡಮ್ಮ ಮನೆಯ ಒಳಗೆಲ್ಲ ಕಣ್ಣಾಡಿಸಿ, ಪಾತ್ರೆಯೇ ಇಲ್ಲದ ಮನೆ ಮನೆಯೇನೇ ಎಂದು ಗಲ್ಲಕ್ಕೆ ಕೈಯಿಟ್ಟುಕೊಂಡಳು. ಗಂಡ ಹೆಂಡಿರ ಪಾತ್ರೆಗಳೆಲ್ಲ ಗುಡಿಸಲಿನಲ್ಲಿದ್ದವು. ತರುತ್ತೇನೆಂದು ಹೊರಟ ಬೋರಯ್ಯನನ್ನು ಅವಳು ರಟ್ಟೆ ಹಿಡಿದು ನಿಲ್ಲಿಸಿದಳು.

"ಅಷ್ಟು ದೂರ ಯಾಕಪ್ಪಾ? ನಾವೇನು ಸತ್ತು ಹೋಗಿದೀವಾ?"

ಅಂದವಳೇ ತನ್ನ ತಾಮ್ರದ ಹಂಡೆಯನ್ನು ಉರುಳಿಸಿಕೊಂಡು ಬಂದಳು. ಹಿಂದೆಯೇ ಕೊಳದಪ್ಪಲೆ, ಹಿತ್ತಾಳೆ ಬಿಂದಿಗೆ. ಹುಚ್ಚಣ್ಣನ ಮನೆಯಿಂದ ಗಂಗಾಳ, ಚೊಂಬು, ಮದುವೆಯ ದೀಪದ ಕಂಬ ಬಂದವು. ದೇವೀರಪ್ಪ ಒಂದು ಕೊಪ್ಪರಿಗೆಯನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ಬಂದು ಬಾಗಿಲ ನಿಲುವಿಗೆ ಡಿಕ್ಕಿ ಹೊಡೆದ. ಒಂದು ಸೇರು ರಾಗಿ ಕೇಳಿದರೆ ಅಳೆದ ಸೇರನ್ನು ಮೂರು ಸಲ ತಟ್ಟಿ ನೋಡುವ ಜನ ಇವರು. ಕೇಳದೆಯೇ ತಂದು ಸುರಿಯುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಬೋರಯ್ಯನ ಅಡಿಗೆ ಕೋಣೆ ಬೇಲೂರಿನ ಪಾತ್ರೆ ಅಂಗಡಿಯಾಯಿತು.

ಕೆಂಚಮ್ಮ ಒಲೆಯ ಮುಂದೆ ಕೂತು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಹೊಗೆಯ ನೀರು ಯಾವುದು, ಒಳಗಿನದು ಯಾವುದು ಎಂದು ಅವಳಿಗೂ ತಿಳಿಯಲಿಲ್ಲ.

"ಜನ ಒಳ್ಳೇರು ಕಣ್ರೀ. ನಾವೇ ತೆಪ್ಪು ತಿಳ್ಕೊಂಡಿದ್ವಿ."

ಬಿದ್ದ ಗೋಡೆಯ ಜಾಗದಲ್ಲಿ ಹೊಸ ಗೋಡೆಯೂ, ಅದರ ಬುಡದಲ್ಲಿ ಬೆಚ್ಚಗೆ ಮಲಗಿದ ಹೆಂಡತಿಯೂ ಬೋರಯ್ಯನ ಕಣ್ಣಿಗೆ ಕಟ್ಟಿದಂತಾಯಿತು.

ಶೇಕ್ದಾರರು ಬಂದಾಗ ಹೊತ್ತು ಇಳಿಮುಖವಾಗಿತ್ತು. ಕಣಕಟ್ಟೆ ಕಡೆಯ ಒಕ್ಕಲು ಮನೆತನದವರು, ನಾಲ್ಕಕ್ಷರ ಕಲಿತು ಸರ್ಕಾರಿ ಕೆಲಸ ಹಿಡಿದಿದ್ದರು. ಬೆಳಗಿನಿಂದ ಕೆಸರು ತುಳಿದು, ಅಳು ಕೇಳಿ ಸಾಕಾಗಿದ್ದರು. ಮೊದಲು ಗಿಡ್ಡಮ್ಮನ ಮನೆ. ಅಲ್ಲಿ ಒಂದು ಮಣ್ಣಿನ ಮಡಕೆ ಬಿಟ್ಟರೆ ಏನೂ ಇಲ್ಲ. ಗಿಡ್ಡಮ್ಮ ತನ್ನ ಹಂಡೆ, ಬಿಂದಿಗೆಗಳನ್ನು ಒಂದೊಂದಾಗಿ ಕರೆದು ಅತ್ತಳು. ಹುಚ್ಚಣ್ಣನ ಮನೆಯಲ್ಲಿ ಅದೂ ಇಲ್ಲ, ಮುತ್ತುಗದ ಎಲೆಯಲ್ಲಿ ಉಣ್ಣುತ್ತಿದ್ದೇವೆಂದು ಎಲೆ ತೋರಿಸಿದ. ದೇವೀರಪ್ಪನಂತೂ ಕೊಪ್ಪರಿಗೆ ಕಣ್ಣೆದುರೇ ತೇಲಿಹೋಯಿತೆಂದು ಕೆಳಗಿನ ಗದ್ದೆಬಯಲ ಕಡೆ ಕೈತೋರಿಸಿದ. ಶೇಕ್ದಾರರು ಮರುಗಿ ಎಲ್ಲವನ್ನೂ ಬರೆದುಕೊಂಡರು.

ಬೋರಯ್ಯನ ಮನೆಯ ಒಳಗೆ ಕಾಲಿಟ್ಟಾಗ ಅವರಿಗೆ ಕಣ್ಣು ಕೋರೈಸಿತು. ಒಲೆ ಉರಿಯುತ್ತಿದೆ, ಹಂಡೆ ಹೊಳೆಯುತ್ತಿದೆ. ಮನೆ ಚೊಕ್ಕಟವಾಗಿದೆಯೆಂದು ಬೂಟು ಬಿಚ್ಚಿ ಬಂದು ಕೂತು, ಕುಡಿಯಲು ನೀರು ಕೇಳಿದರು. ಬೋರಯ್ಯ ಇದ್ದುದರಲ್ಲಿ ಚೆನ್ನಾದ ಚೊಂಬನ್ನು ಆರಿಸಿ ತುಂಬಿ ಕೊಟ್ಟ.

ಅವರು ಕುಡಿಯುತ್ತಾ ಚೊಂಬಿನ ಕಂಠವನ್ನು ನೋಡಿದರು. ಅಲ್ಲಿ ಉಳಿಯಿಂದ ಚುಕ್ಕಿ ಚುಕ್ಕಿಯಾಗಿ ಅಕ್ಷರ ಕೊರೆದಿತ್ತು. ಪಾತ್ರೆ ಕೊಂಡರೆ ಹೆಸರು ಹಾಕಿಸುವುದು ಕೆಳಗೇರಿಯ ವಾಡಿಕೆ. ಅಂಗಡಿಯವನು ಹೆಸರು ಕೇಳಿ ಕೊರೆಯುತ್ತಿದ್ದ. ಅದು ಓದಲಿಕ್ಕೂ ಬರುವ ವಸ್ತು ಎಂಬುದು, ಓದು ಬಾರದ ಆ ಬೀದಿಗೆ ಎಂದೂ ಹೊಳೆದಿರಲಿಲ್ಲ.

"ಹುಚ್ಚಣ್ಣ," ಎಂದು ಶೇಕ್ದಾರರು ಓದಿದರು. ಎದ್ದು ಹಂಡೆಯ ಹತ್ತಿರ ಹೋದರು. "ಗಿಡ್ಡಮ್ಮ." ಕೊಪ್ಪರಿಗೆಯನ್ನು ತಿರುಗಿಸಿದರು. "ದೇವೀರಪ್ಪ."

ಬಾಗಿಲಲ್ಲಿ ಇಣುಕುತ್ತಿದ್ದ ಮೂರು ತಲೆಗಳೂ ಒಮ್ಮೆಲೇ ಮಾಯವಾದವು.

"ಇವೆಲ್ಲ ನೀರಲ್ಲಿ ಕೊಚ್ಚಿಹೋದವು ಅಂತ ಈಗ ತಾನೆ ಅತ್ತರಲ್ಲಯ್ಯ. ಇಲ್ಲಿಗೆ ಹ್ಯಾಗೆ ಬಂದವು?"

ಆಗ ಬೋರಯ್ಯನಿಗೆ ಬೆಳಗಿನಿಂದ ನಡೆದದ್ದೆಲ್ಲ ಅರ್ಥವಾಯಿತು. ಅವರು ಪಾತ್ರೆ ಕೊಟ್ಟಿರಲಿಲ್ಲ, ಬಚ್ಚಿಟ್ಟಿದ್ದರು. ನೆರೆಯ ಪರಿಹಾರಕ್ಕೆ ಕೆಳಗೇರಿಯಲ್ಲಿ ಒಂದು ಉಗ್ರಾಣ ಬೇಕಾಗಿತ್ತು, ಅದು ಅವನ ಮನೆಯಾಗಿತ್ತು. ನಿಜ ಹೇಳಿದರೆ ಸರ್ಕಾರಕ್ಕೆ ಸುಳ್ಳು ಹೇಳಿದರೆಂದು ಮೂವರಿಗೂ ಬೇಡಿ ಬೀಳುತ್ತದೆ. ನಾಳೆಯಿಂದ ಈ ಬೀದಿಯಲ್ಲೇ ಬಾಳಬೇಕು. ಸುಮ್ಮನಿದ್ದರೆ ತಾನೇ ಕಳ್ಳ. ಅವನು ಒಲೆಯ ಕಡೆ ನೋಡಿದ. ಕೆಂಚಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೆಮ್ಮನ್ನು ತಡೆಯುತ್ತಿದ್ದಳು.

"ನೀರಲ್ಲೇ ಬಂದ್ವು ಸ್ವಾಮಿ," ಎಂದ. "ಹಿಂದ್ಲ ಗೋಡೆ ಬಿದ್ದಿತ್ತಲ್ಲ, ಒಳೀಕೆ ಬಂದು ಸೇರ್ಕೊಂಡ್ವು. ಬೆಳಗಿ ಮಡಗಿದ್ದೆ, ಯಾರ್ದು ಅಂತ ತಿಳಿದ್ರೆ ಕೊಡಾಣ ಅಂತ."

ಎರಡಾಳು ಎತ್ತುವ ತಾಮ್ರದ ಹಂಡೆ ತೇಲಿ ಬರುತ್ತದೆಯೇ ಎಂದು ಶೇಕ್ದಾರರು ಕೇಳಲಿಲ್ಲ. ಬೆಳಗಿನಿಂದ ಸುಳ್ಳು ಕೇಳಿ ಬೇಸತ್ತಿದ್ದ ಅವರಿಗೆ ಒಬ್ಬ ಸತ್ಯವಂತ ಬೇಕಾಗಿತ್ತು. ಬೋರಯ್ಯನ ಬೆನ್ನು ತಟ್ಟಿ ಶಭಾಷ್ ಎಂದರು. ಮೂವರನ್ನೂ ಒಳಗೆ ಕರೆಸಿ, ಒಂದೊಂದೇ ಹೆಸರು ಓದಿ ಅವರವರ ಪಾತ್ರೆ ಅವರವರಿಗೆ ಕೊಡಿಸಿದರು. ಸಿಕ್ಕಿತಲ್ಲ, ಇನ್ನು ಪಾತ್ರೆಯ ಪರಿಹಾರ ಬೇಡ ಎಂದು ಬರೆದದ್ದನ್ನು ಅಲ್ಲೇ ಹೊಡೆದುಹಾಕಿದರು. ಗಿಡ್ಡಮ್ಮ ತನ್ನ ಹಂಡೆಯನ್ನು ಮಲಮಗುವನ್ನು ಅಪ್ಪಿದಂತೆ ಅಪ್ಪಿಕೊಂಡು ಬೋರಯ್ಯನನ್ನು ನೋಡಿದಳು. ಜೈಲು ತಪ್ಪಿಸಿದವನನ್ನು ನೋಡುವ ನೋಟ ಅದಾಗಿರಲಿಲ್ಲ.

"ನಿನ್ನ ಗೋಡೆ ನೋಡೋಣ ಬಾ," ಎಂದು ಶೇಕ್ದಾರರು ಎದ್ದರು. ಬೋರಯ್ಯನ ಎದೆ ಹಗುರಾಯಿತು. ಎರಡು ಹೆಜ್ಜೆ ಇಟ್ಟವರು ಕಾಲೆತ್ತಿ ಹಾಗೇ ಗೋಡೆ ಹಿಡಿದು ನಿಂತರು. ಅಂಗಾಲಿನಿಂದ ಬೆರಳುದ್ದದ ಜಾಲಿ ಮುಳ್ಳನ್ನು ಕಿತ್ತು ಬೆಳಕಿಗೆ ಹಿಡಿದರು. ಪಟ್ಟಣದ ಅಧಿಕಾರಿಯಾಗಿದ್ದರೆ ಬೈದು ಎಸೆಯುತ್ತಿದ್ದರು. ಇವರು ಹಳ್ಳಿಯಲ್ಲಿ ಹುಟ್ಟಿ ಬೆಳೆದವರು. ಮೂಲೆಯಲ್ಲಿ ಉಳಿದಿದ್ದ ಮುಳ್ಳಿನ ಚೂರುಗಳನ್ನು ನೋಡಿದರು, ಪಾತ್ರೆಗಳು ಹೋಗಿ ಬರಿದಾದ ಮನೆಯನ್ನು ನೋಡಿದರು.

"ಯಾರಯ್ಯ ತೀರಿಕೊಂಡದ್ದು?" ಎಂದು ಮೆಲ್ಲಗೆ ಕೇಳಿದರು.

"ನಮ್ಮವ್ವ, ಸ್ವಾಮಿ." ಇದೊಂದಕ್ಕೆ ಸುಳ್ಳು ಹೇಳಲು ಬೋರಯ್ಯನ ನಾಲಿಗೆ ಏಳಲಿಲ್ಲ.

ಆರ್ಡರಿನಲ್ಲಿ ವಾಸದ ಮನೆ ಎಂದೇ ಇದೆ, ತಾವೇನು ಮಾಡುವುದು ಎಂದು ಶೇಕ್ದಾರರು ಪೇಚಾಡಿಕೊಂಡರು. ಆಮೇಲೆ ಒಂದು ದಾರಿ ಹೊಳೆದು ಬೀದಿಯವರ ಕಡೆ ತಿರುಗಿದರು. ನೆರೆ ಬಂದಾಗ ಇವರು ಇದೇ ಮನೆಯಲ್ಲಿದ್ದರು ಎಂದು ಯಾರಾದರೂ ಒಬ್ಬರು ಹೇಳಿದರೆ ಸಾಕು, ಗೋಡೆಯ ಹಣ ಬರೆದುಬಿಡುತ್ತೇನೆ ಎಂದರು.

ಹುಚ್ಚಣ್ಣ ಚೊಂಬಿನ ಒಳಗೆ ಏನೋ ಹುಡುಕುತ್ತಾ ನಿಂತ. ದೇವೀರಪ್ಪನ ತಲೆಯ ಮೇಲೆ ಆಗಲೇ ಕೊಪ್ಪರಿಗೆ ಇತ್ತು, ಅವನಿಗೆ ಕೇಳಿಸಲಿಲ್ಲ. ಗಿಡ್ಡಮ್ಮ ಹಂಡೆಯನ್ನು ಬಿಟ್ಟು ಕೈಮುಗಿದಳು.

"ಸರ್ಕಾರದ ಮುಂದೆ ಸುಳ್ಳು ಹೇಳಾಕಾಯ್ತದಾ ಸ್ವಾಮಿ? ಈ ಮನೇಲಿ ಯಾರೂ ಇರ್ನಿಲ್ಲ."

ಶೇಕ್ದಾರರು ಬೂಟು ಹಾಕಿಕೊಂಡು ಕುಂಟುತ್ತಾ ಹೊರಟರು. ಅವರು ಏರಿ ದಾಟುವವರೆಗೆ ಎಲ್ಲರೂ ಕೈಮುಗಿದು ನಿಂತಿದ್ದರು. ಅವರ ಪೇಟ ಮರೆಯಾಗುತ್ತಲೇ ಗಿಡ್ಡಮ್ಮ ಮುಳ್ಳೆಲ್ಲಿ ಎಂದು ಕೇಳಿದಳು. ಮುಳ್ಳು ಒಲೆಯಲ್ಲಿ ಬೂದಿಯಾಗಿತ್ತು.

"ಒಲೆ ಹೊತ್ಸಿದ್ರಲ್ಲ, ನಕ್ಷತ್ರ ಕೆಡ್ತು," ಎಂದಳು. "ಇವತ್ತಿಂದ ಹೊಸದಾಗಿ ಮೂರು ತಿಂಗಳು ಎಣಿಸ್ಕಳಿ."

"ಹೊತ್ಸು ಅಂದೋರು ನೀವೇ ಅಲ್ವಾ?" ಎಂದ ಬೋರಯ್ಯ.

"ನಾವು ಅಂದ್ವಪ್ಪ," ಎಂದು ಹುಚ್ಚಣ್ಣ ಕಾನೂನು ತೆಗೆದ. "ಹೊತ್ಸಿದೋರು ನೀವು."

ಕೊನೆಗೆ ಬೋರಯ್ಯನೇ ಕುಡುಗೋಲು ಹಿಡಿದು ಕೆರೆಯಂಗಳಕ್ಕೆ ಹೋಗಿ ಹಸಿ ಜಾಲಿ ಕಡಿದು ತಂದ, ತನ್ನ ಬಾಗಿಲಿಗೆ ತಾನೇ ಎಳೆದ. ಹಿಂದಿನ ಗೋಡೆ ಇಲ್ಲದ ಮನೆಗೆ ಮುಂದಿನ ಬಾಗಿಲಲ್ಲಿ ಮುಳ್ಳು ಯಾಕೆ ಎಂದು ಯಾರೂ ಕೇಳಲಿಲ್ಲ.

ಗಂಡ ಹೆಂಡಿರು ದಿಣ್ಣೆ ಹತ್ತತೊಡಗಿದಾಗ ಸೋನೆ ಹಿಡಿಯಿತು. ಕೆಂಚಮ್ಮ ನಾಲ್ಕು ಹೆಜ್ಜೆಗೊಮ್ಮೆ ನಿಂತು ಕೆಮ್ಮುತ್ತಿದ್ದಳು. ಬೋರಯ್ಯ ತನ್ನ ಕಂಬಳಿಯನ್ನು ಅವಳ ತಲೆಗೆ ಹಾಕಿದ.

"ಮೂರು ತಿಂಗಳು ಅಂದ್ರೆ ಯಾವಾಗಾಯ್ತದೆ?" ಎಂದು ಕೇಳಿದಳು.

ಅವನು ಬೆರಳು ಮಡಿಚಿ ನೋಡಿದ. "ಕಾರ್ತೀಕ."

"ಅಷ್ಟೊತ್ತಿಗೆ ಮಳೆ ನಿಂತಿರ್ತದೆ ಬುಡಿ," ಎಂದಳು ಕೆಂಚಮ್ಮ. "ಆಮೇಲೆ ಗುಡಿಸ್ಲೇ ಸಾಕು."

ಬೋರಯ್ಯ ಅವಳ ಕೈ ಹಿಡಿದು ನಡೆದ.